ಒಳಗಾಲಿನ ಅಳತೆ

ಮಲ್ಲೇಶ್ವರದ ಒಂದು ಮನೆಯ ಬಾಲ್ಕನಿಯಲ್ಲಿ ಆ ಕೆಂಪು ಸೈಕಲ್ ಗೋಡೆಗೊರಗಿ ನಿಂತಿತ್ತು. 2014ರ ಅಕ್ಟೋಬರ್ ತಿಂಗಳು. ಸೈಕಲ್ಲಿಗೆ ಮೂರು ವರ್ಷ ವಯಸ್ಸು. ಒಡೆಯರಿಗೆ ವಿದೇಶಕ್ಕೆ ಹೊರಡುವ ಅವಸರ, ಹೇಳಿದ ಬೆಲೆ 22 ಸಾವಿರ. ಹೊಸದಾಗಿದ್ದಾಗ ಅದರ ಎರಡರಷ್ಟು ಕೊಟ್ಟಿದ್ದರಂತೆ. ಮುಂದಿನ ಫೋರ್ಕ್ ಕಾರ್ಬನ್ನಿನದು, ಹಿಂದೆ ಒಂಬತ್ತು ಗಿಯರು, ಬ್ರೇಕ್ ಲಿವರಿನ ಮೇಲೆ ‘ಸೋರಾ’ ಎಂಬ ಹೆಸರು. ಕೊಳ್ಳಲು ಬಂದಿದ್ದ ಹುಡುಗಿ ಬಾರ್ ಹಿಡಿದು ಒಂದೇ ಕೈಯಲ್ಲಿ ಎತ್ತಿ ನೋಡಿದಳು. ಸಲೀಸಾಗಿ ಮೇಲೆದ್ದಿತು. ಊರಲ್ಲಿ ಅಪ್ಪನ ಸೈಕಲ್ಲನ್ನು ಕಟ್ಟೆಗೆ ಹತ್ತಿಸಲು ಇಬ್ಬರು ಬೇಕಾಗುತ್ತಿತ್ತು.

ಸೀಟಿನ ಕೆಳಗಿನ ಕೊಳವೆಯ ಮೇಲೆ ಸಣ್ಣ ಸ್ಟಿಕ್ಕರಿನಲ್ಲಿ 54 ಎಂದು ಬರೆದಿತ್ತು. ಕಣ್ಣಿಗೆ ಬಿತ್ತು, ಆದರೆ ಅದರ ಅರ್ಥ ಅವಳಿಗೆ ಆಗ ತಿಳಿದಿರಲಿಲ್ಲ.

ಎರಡು ಸಾವಿರ ಮುಂಗಡ ಕೊಟ್ಟಳು. ‘ಭಾನುವಾರ ಒಂದು ದಿನ ಓಡಿಸಿ ನೋಡಿ, ಆಮೇಲೆ ಉಳಿದದ್ದು ಕೊಡಿ’ ಎಂದರು ಒಡೆಯರು. ರಾತ್ರಿ ಊರಿಗೆ ಫೋನು ಮಾಡಿದಳು. ಊರು ಸರ್ಕಾರಿ ಕಾಗದದಲ್ಲಿ ಆಗಿನ್ನೂ ಬಿಜಾಪುರವೇ, ವಿಜಯಪುರ ಆಗಲು ಇನ್ನೆರಡು ವಾರ ಬಾಕಿ ಇತ್ತು. ಅಪ್ಪ ಅಲ್ಲಿ ದರ್ಜಿ. ಬಣ್ಣ, ಗಿಯರು, ಬೆಲೆ ಎಲ್ಲವನ್ನೂ ಅವಳು ಹೇಳಿ ಮುಗಿಸುವ ತನಕ ಸುಮ್ಮನಿದ್ದು, ಆಮೇಲೆ ಕೇಳಿದರು:

‘ಅಳತಿ ತಗೊಂಡಾರೇನವ್ವಾ ನಿಂದು?’

‘ಸೈಕಲ್ಲಿಗೆ ಎಂಥಾ ಅಳತಿ ಅಪ್ಪಾ?’

‘ಮೈಗೆ ಕೂಡೂದಕ್ಕೆಲ್ಲಾ ಅಳತಿ ಇರತೈತಿ. ಸೈಕಲ್ ಏನ್ ಬ್ಯಾರೇನ?’

ಆ ಮಾತನ್ನು ಅವಳು ಆ ರಾತ್ರಿ ಮನಸ್ಸಿಗೆ ತಂದುಕೊಳ್ಳಲಿಲ್ಲ. ತಂದುಕೊಳ್ಳಬೇಕಿತ್ತು. ಅಳತೆ ಮೀರಿದ ಸೈಕಲ್ ಎಂದರೇನು ಎಂಬುದು ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು. ಒಂಬತ್ತನೇ ವಯಸ್ಸಿನಲ್ಲಿ ಅವಳು ಸೈಕಲ್ ಕಲಿತದ್ದು ಅಪ್ಪನ 24 ಇಂಚಿನ ಫ್ರೇಮಿನ ಅಟ್ಲಾಸ್ ಮೇಲೆ. ಸೀಟು ಎಟುಕುವ ಮಾತೇ ಇಲ್ಲ. ಬಾರಿನ ಕೆಳಗಿಂದ ಬಲಗಾಲು ತೂರಿಸಿ, ಎಡಗೈಯಲ್ಲಿ ಹ್ಯಾಂಡಲ್ ಹಿಡಿದು, ಬಲ ಕಂಕುಳಲ್ಲಿ ಸೀಟು ಅವುಚಿ, ಸೊಂಟ ಒಂದು ಕಡೆಗೆ ತಿರುಚಿಕೊಂಡು ಕತ್ತರಿ ಕಾಲಲ್ಲಿ ತುಳಿಯುವುದು. ಪೆಡಲ್ ಪೂರ್ತಿ ಸುತ್ತುತ್ತಿರಲಿಲ್ಲ, ಅರ್ಧ ಸುತ್ತು ಮುಂದೆ, ಅರ್ಧ ಸುತ್ತು ಹಿಂದೆ. ಆ ಊರಿನ ಮಕ್ಕಳೆಲ್ಲ ಹಾಗೆಯೇ ಕಲಿತವರು.

ಅದೇ ಊರಿನ ರಸ್ತೆಗಳಲ್ಲಿ ಬೆಳಗಿನ ಹೊತ್ತು ಬೇರೆ ಸೈಕಲ್ಲುಗಳೂ ಓಡುತ್ತಿದ್ದವು. ವಿಜಯಪುರದಲ್ಲಿ ಸರ್ಕಾರದ ಸೈಕ್ಲಿಂಗ್ ಕ್ರೀಡಾ ವಸತಿನಿಲಯವಿದೆ. ವಿಜಯಪುರ, ಬಾಗಲಕೋಟೆ ಸೀಮೆಯ ಬಿಸಿಲಿನಿಂದ ರಾಷ್ಟ್ರಮಟ್ಟದ ಸವಾರರು ಎದ್ದು ಬಂದಿದ್ದಾರೆ. ಬಣ್ಣದ ಬಿಗಿ ಅಂಗಿ ತೊಟ್ಟ ಹುಡುಗ ಹುಡುಗಿಯರು ಒಬ್ಬರ ಹಿಂದೊಬ್ಬರು ಅಂಟಿಕೊಂಡಂತೆ ಸೊಲ್ಲಾಪುರ ರಸ್ತೆಯ ಕಡೆ ಹೋಗುತ್ತಿದ್ದರು. ಅವರ ಸೈಕಲ್ಲಿನಿಂದ ಬರುತ್ತಿದ್ದುದು ಚೈನಿನ ಸಣ್ಣ ಸದ್ದೊಂದೇ. ಬಾಗಿದ ಹ್ಯಾಂಡಲ್ಲಿನ ಸೈಕಲ್ ಒಂದು ತನ್ನದಾಗಬೇಕೆಂಬ ಆಸೆ ಅವಳಿಗೆ ಆಗಲೇ ಬೇರುಬಿಟ್ಟಿತ್ತು.

ಓದು ಮುಗಿಸಿ ಬೆಂಗಳೂರಿಗೆ ಬಂದು, ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೆಕ್ಕಪತ್ರದ ಕೆಲಸಕ್ಕೆ ಸೇರಿದ ಮೇಲೆ, 2014ರ ಜನವರಿಯಿಂದ ತಿಂಗಳಿಗೆ 2,500 ರೂಪಾಯಿ ಬೇರೆ ಖಾತೆಗೆ ಹಾಕತೊಡಗಿದಳು. ಹನ್ನೆರಡು ತಿಂಗಳಿಗೆ 30 ಸಾವಿರ. ಅಲ್ಲಿಯ ತನಕ ಯಶವಂತಪುರದ ಕೋಣೆಯಿಂದ ಕೆಲಸಕ್ಕೆ ಓಡಾಡಲು ಗಿಯರಿಲ್ಲದ ಹಳೇ ಸೈಕಲ್ ಇತ್ತು.

ಹಣ ಕೂಡುತ್ತಿದ್ದಂತೆ ಬೆಲೆಪಟ್ಟಿ ಓದುವ ಅಭ್ಯಾಸವೂ ಬೆಳೆಯಿತು. ಟ್ರೆಕ್‌ನ 1.1, ಜೈಂಟ್‌ನ ಡಿಫೈ ಅವಳ ಲೆಕ್ಕದ ಆಚೆಗಿದ್ದವು. ಬಿ-ಟ್ವಿನ್‌ನ ಟ್ರೈಬನ್, ಮಾಂಟ್ರಾ ಕೈಗೆ ಸ್ವಲ್ಪ ಹತ್ತಿರ. ಯಾವ ಕಂಪನಿಯ ಹೆಸರಿದ್ದರೂ ಗಿಯರು ಮಾತ್ರ ಹೆಚ್ಚಾಗಿ ಜಪಾನಿನ ಶಿಮಾನೋದ್ದು, ಅದರಲ್ಲಿ ಮೆಟ್ಟಿಲುಗಳು. ಆಗಿನ ಲೆಕ್ಕದಲ್ಲಿ ಕ್ಲಾರಿಸ್ ಎಂದರೆ ಹಿಂದಿನ ಚಕ್ರಕ್ಕೆ 8 ಹಲ್ಲುಚಕ್ರ, ಸೋರಾ 9, ಟಿಯಾಗ್ರಾ 10, 105 ಎಂಬುದಕ್ಕೆ 11. ಮೇಲೇರಿದಷ್ಟೂ ತೂಕ ಇಳಿಯುತ್ತದೆ, ಗಿಯರ್ ಬೀಳುವುದು ನಯವಾಗುತ್ತದೆ, ಬೆಲೆ ಏರುತ್ತದೆ. ಈ ಮೆಟ್ಟಿಲು ಹೊಸಬರ ಕಣ್ಣು ಕಟ್ಟಿಬಿಡುತ್ತದೆ. 8ಕ್ಕಿಂತ 9 ದೊಡ್ಡದು ಎಂಬುದು ಯಾರಿಗಾದರೂ ತಿಳಿಯುವ ಲೆಕ್ಕ. ಕೈಯಲ್ಲಿರುವ ದುಡ್ಡಿಗೆ ಕ್ಲಾರಿಸ್ ಬದಲು ಸೋರಾ ಸಿಗುತ್ತದೆಂದರೆ ಉಳಿದದ್ದೆಲ್ಲ ಮರೆತುಹೋಗುತ್ತದೆ. ಅವಳಿಗೂ ಹಾಗೆಯೇ ಮರೆತದ್ದು.

ಭಾನುವಾರ ಬೆಳಗಿನ ಐದಕ್ಕೆ ಕೆಂಪು ಸೈಕಲ್ ಏರಿ ಹೆಬ್ಬಾಳ ದಾಟಿದಳು. ಗುರಿ ನಂದಿಬೆಟ್ಟ. ಬೆಂಗಳೂರಿನ ಸವಾರರಿಗೆ ಅದು ಪರೀಕ್ಷೆಯ ಜಾಗ. 1,478 ಮೀಟರ್ ಎತ್ತರದ ಬೆಟ್ಟ, ಬುಡದಿಂದ ಸುಮಾರು ಏಳೂವರೆ ಕಿಲೋಮೀಟರ್ ಏರು. ವಿಮಾನ ನಿಲ್ದಾಣದ ರಸ್ತೆಯಲ್ಲಿ ಮೊದಲ ಅರ್ಧ ಗಂಟೆ ಹಾರಿಹೋದಂತೆ ಆಯಿತು. ಹಳೇ ಸೈಕಲ್ಲಿನಲ್ಲಿ ಎಂದೂ ಕಾಣದ ವೇಗ. ದೇವನಹಳ್ಳಿಯ ಹೊತ್ತಿಗೆ ಕತ್ತಿನ ಹಿಂಭಾಗ ಬಿಗಿಯತೊಡಗಿತು. ಸೀಟನ್ನು ಪೂರ್ತಿ ಕೆಳಗೆ ಇಳಿಸಿಯಾಗಿತ್ತು, ಆದರೂ ಪೆಡಲ್ ಕೆಳಗೆ ಹೋದಾಗಲೆಲ್ಲ ಸೊಂಟ ಆ ಕಡೆ ಈ ಕಡೆ ವಾಲಬೇಕು. ಹ್ಯಾಂಡಲ್ ದೂರ, ಲಿವರು ಇನ್ನೂ ದೂರ. ಅಂಗೈಯ ಮೇಲೆ ಭಾರ ಬಿದ್ದು ಕಿರುಬೆರಳು, ಉಂಗುರದ ಬೆರಳು ಜೋಮು ಹಿಡಿದವು. ಆ ಕಾಲದ ಸೋರಾದಲ್ಲಿ ಚೈನನ್ನು ಸಣ್ಣ ಹಲ್ಲುಚಕ್ರಕ್ಕೆ ಇಳಿಸಲು ಲಿವರಿನ ಒಳಮಗ್ಗುಲಲ್ಲಿ ಹೆಬ್ಬೆರಳಿನಿಂದ ಒತ್ತುವ ಗುಂಡಿ ಇತ್ತು. ಹ್ಯಾಂಡಲ್ಲಿನ ಕೆಳಗಿನ ಬಾಗು ಹಿಡಿದಾಗ ಅವಳ ಹೆಬ್ಬೆರಳು ಅದಕ್ಕೆ ಎಟುಕಲೇ ಇಲ್ಲ.

ಏರು ಶುರುವಾದ ಮೇಲೆ ಇನ್ನೊಂದು ಸತ್ಯ ತಿಳಿಯಿತು. ಮುಂದಿನ ಸಣ್ಣ ಚಕ್ರಕ್ಕೆ 34 ಹಲ್ಲು, ಹಿಂದಿನ ಅತಿ ದೊಡ್ಡದಕ್ಕೆ 25. ರೋಡ್ ಬೈಕಿನ ಟಯರಿನ ಸುತ್ತಳತೆ ಹೆಚ್ಚು ಕಡಿಮೆ 2.1 ಮೀಟರ್. ಅಂದರೆ ಅತಿ ಹಗುರ ಗಿಯರಿನಲ್ಲೂ ಪೆಡಲ್ಲಿನ ಒಂದು ಸುತ್ತಿಗೆ ಸೈಕಲ್ 2.86 ಮೀಟರ್ ಮುಂದೆ ಹೋಗಲೇಬೇಕು. ನಿಮಿಷಕ್ಕೆ 60 ಸುತ್ತು ತುಳಿಯಬೇಕೆಂದರೆ ಗಂಟೆಗೆ 10 ಕಿ.ಮೀ. ವೇಗ ಬೇಕು. ಅಭ್ಯಾಸವಿಲ್ಲದ ಕಾಲಿಗೆ ನಂದಿಯ ಕಡಿದಾದ ತಿರುವಿನಲ್ಲಿ ಅಷ್ಟು ವೇಗ ಎಲ್ಲಿಂದ ಬರಬೇಕು? ಸುತ್ತು ನಿಧಾನವಾಗುತ್ತದೆ, ಒಂದೊಂದು ತುಳಿತದ ಭಾರವೂ ಮಂಡಿಯ ಮೇಲೆ ಬೀಳುತ್ತದೆ. ಅರ್ಧ ದಾರಿಯಲ್ಲಿ ಇಳಿದಳು. ಇಳಿಯುವಾಗ ಎರಡೂ ಪಾದ ನೆಲಕ್ಕೆ ಊರುವ ಮೊದಲೇ ಬಾರ್ ತೊಡೆಸಂದಿಗೆ ಬಡಿಯಿತು. ಕಣ್ಣಲ್ಲಿ ನೀರು ಬಂತು. ರಸ್ತೆ ಬದಿಯ ಕಲ್ಲಿನ ಮೇಲೆ ಕುಳಿತು ಆ 54 ಎಂಬ ಸ್ಟಿಕ್ಕರನ್ನು ಮೊದಲ ಸಲ ಸರಿಯಾಗಿ ನೋಡಿದಳು.

ಸಂಜೆ ಅಪ್ಪನಿಗೆ ಫೋನು ಮಾಡಿ ಕೇಳಿದ್ದು ಒಂದೇ ಪ್ರಶ್ನೆ: ಒಳಗಾಲಿನ ಅಳತೆ ತೆಗೆಯುವುದು ಹೇಗೆ?

ಪ್ಯಾಂಟಿಗೆ ಅವರು ದಿನವೂ ತೆಗೆಯುವ ಅಳತೆ ಅದು. ಸೈಕಲ್ಲಿಗೆ ಇನ್ನೂ ಬಿಗಿಯಾಗಿ ಬೇಕು, ಬಟ್ಟೆಗೆ ಬಿಡುವಷ್ಟು ಸಡಿಲ ಬಿಡಬಾರದು. ಬರಿಗಾಲಲ್ಲಿ ಗೋಡೆಗೆ ಬೆನ್ನು ಹಚ್ಚಿ ನಿಲ್ಲುವುದು, ಕಾಲ ನಡುವೆ ಒಂದು ದಪ್ಪ ಪುಸ್ತಕ ಇಟ್ಟು ಸೀಟು ಒತ್ತುವಷ್ಟೇ ಬಲವಾಗಿ ಮೇಲಕ್ಕೆ ಒತ್ತುವುದು, ಪುಸ್ತಕದ ಮೇಲಂಚಿನಿಂದ ನೆಲಕ್ಕೆ ಟೇಪು ಹಿಡಿಯುವುದು. ಕೋಣೆಯ ಗೆಳತಿ ಟೇಪು ಹಿಡಿದಳು. 73 ಸೆಂಟಿಮೀಟರ್. ಎತ್ತರ 158.

ಈ ಅಂಕಿಯಿಂದ ಏನು ಮಾಡಬೇಕೆಂಬುದಕ್ಕೆ ಒಂದು ಹಳೆಯ ಸೂತ್ರವಿದೆ. 1986, 1989, 1990ರಲ್ಲಿ ಟೂರ್ ದ ಫ್ರಾನ್ಸ್ ಗೆದ್ದ ಅಮೆರಿಕದ ಗ್ರೆಗ್ ಲಮಾಂಡ್ ಹೆಸರಿನಲ್ಲಿ ಅದು ಓಡಾಡುತ್ತದೆ. ಒಳಗಾಲಿನ ಅಳತೆಯನ್ನು 0.883ರಿಂದ ಗುಣಿಸಿದರೆ ಪೆಡಲ್ ತಿರುಗುವ ಅಚ್ಚಿನ ನಡುವಿನಿಂದ ಸೀಟಿನ ಮೇಲಿನವರೆಗಿನ ಎತ್ತರ ಬರುತ್ತದೆ. 0.65ರಿಂದ ಗುಣಿಸಿದರೆ ಫ್ರೇಮಿನ ಸೈಜ಼ು ಸುಮಾರಾಗಿ ತಿಳಿಯುತ್ತದೆ. ಅವಳ ಸೀಟು 64.5 ಸೆಂ.ಮೀ. ಇರಬೇಕು, ಫ್ರೇಮು 47ರ ಆಸುಪಾಸು. ಬಾಲ್ಕನಿಯ 54ರ ಕೆಂಪು ಸೈಕಲ್ ಅದಕ್ಕಿಂತ ಆರೇಳು ಸೆಂ.ಮೀ. ದೊಡ್ಡದು. ಸೂತ್ರ ಎಲ್ಲರ ಮೈಗೂ ಕರಾರುವಾಕ್ಕಾಗಿ ಹೊಂದುವುದಿಲ್ಲ, ತೊಡೆ ಉದ್ದದವರಿದ್ದಾರೆ, ಬೆನ್ನು ಉದ್ದದವರಿದ್ದಾರೆ. ಆದರೆ ಎಲ್ಲಿಂದ ಹುಡುಕಲು ಶುರುಮಾಡಬೇಕು ಎಂಬುದನ್ನು ಅದು ಹೇಳುತ್ತದೆ.

‘ಅಂಗಿ ದೊಡ್ಡದಾದ್ರ ಹೊಲಿಗಿ ಬಿಚ್ಚಿ ಹಿಡೀಬಹುದು. ಕಬ್ಬಿಣಾ ಹೆಂಗ ಹಿಡೀತಿ?’ ಎಂದರು ಅಪ್ಪ. ಮರುದಿನ ಸೈಕಲ್ ಒರೆಸಿ, ಮಲ್ಲೇಶ್ವರಕ್ಕೆ ಒಯ್ದು ಹಿಂದಿರುಗಿಸಿದಳು. ಒಡೆಯರು ಮುಂಗಡವನ್ನು ಪೂರ್ತಿ ವಾಪಸು ಕೊಟ್ಟರು.

ತನ್ನಂಥ ಎತ್ತರದವರಿಗೆ ರೋಡ್ ಬೈಕ್ ಸಿಗುವುದು ಯಾಕಿಷ್ಟು ಕಷ್ಟ ಎಂದು ಹುಡುಕುತ್ತ ಹೋದಾಗ ಅವಳಿಗೆ ಸಿಕ್ಕಿದ್ದು ಜಾರ್ಜೀನಾ ಟೆರ್ರಿ ಎಂಬ ಎಂಜಿನಿಯರ್ ಹೆಸರು. 1985ರಲ್ಲಿ ಅಮೆರಿಕದಲ್ಲಿ ಹೆಂಗಸರ ಮೈಕಟ್ಟಿಗೆಂದೇ ಸೈಕಲ್ ಕಂಪನಿ ತೆರೆದವರು. ಫ್ರೇಮು ಸಣ್ಣದಾಗುತ್ತ ಹೋದಂತೆ ಮುಂದಿನ ಚಕ್ರಕ್ಕೆ ಜಾಗ ಸಾಲದಾಗುತ್ತದೆ, ತಿರುಗಿಸುವಾಗ ಪಾದದ ತುದಿ ಟಯರಿಗೆ ತಾಗುತ್ತದೆ. ಅದಕ್ಕೆ ಅವರು ತಮ್ಮ ಸಣ್ಣ ಸೈಕಲ್ಲುಗಳಿಗೆ ಹಿಂದೆ ದೊಡ್ಡ ಚಕ್ರ, ಮುಂದೆ 24 ಇಂಚಿನ ಸಣ್ಣ ಚಕ್ರ ಕೂರಿಸಿದರು. ಹೆಚ್ಚಿನ ಕಂಪನಿಗಳು ಎರಡೂ ಕಡೆ ಒಂದೇ ಅಳತೆಯ ಚಕ್ರ ಇಟ್ಟು, ಸಣ್ಣವರು ಹೊಂದಿಕೊಳ್ಳಲಿ ಎಂದು ಬಿಟ್ಟವು. ತೈವಾನಿನ ಜೈಂಟ್ ಕಂಪನಿಯಲ್ಲೇ ದೊಡ್ಡ ಹುದ್ದೆಯಲ್ಲಿದ್ದ ಬಾನಿ ಟೂ, ತಮಗೆ ಹೊಂದುವ ಸೈಕಲ್ಲೂ ಬಟ್ಟೆಯೂ ಸಿಗದ ಅನುಭವದಿಂದ 2008ರಲ್ಲಿ ಲಿವ್ ಎಂಬ ಹೆಂಗಸರ ಬ್ರ್ಯಾಂಡ್ ಕಟ್ಟಿದರು. ಕಾರ್ಖಾನೆಯ ಒಡೆತನದ ಹತ್ತಿರ ಇದ್ದವರಿಗೇ ಸಿಗದಿದ್ದದ್ದು ಯಶವಂತಪುರದ ಬಾಡಿಗೆ ಕೋಣೆಯ ಹುಡುಗಿಗೆ ಸುಲಭದಲ್ಲಿ ಸಿಗುವುದು ಹೇಗೆ? ಈ ಕಥೆ ಓದಿದ ಮೇಲೆ ಅವಳಿಗೆ ತನ್ನ ಮೈಯ ಮೇಲಿದ್ದ ಅಸಮಾಧಾನ ಹೋಯಿತು. ತಪ್ಪು ಅಳತೆಯದು, ಕಾಲಿನದಲ್ಲ.

ನವೆಂಬರ್ ಪೂರ್ತಿ ಅಂಗಡಿ ಅಲೆದಳು. ಒಳಗೆ ಕಾಲಿಟ್ಟ ಕೂಡಲೇ ‘ಮೇಡಂ, ಲೇಡೀಸ್ ಸೈಕಲ್ ಆ ಕಡೆ ಇದೆ’ ಎಂದು ಬುಟ್ಟಿ ಕಟ್ಟಿದ ಸೈಕಲ್ಲುಗಳ ಸಾಲು ತೋರಿಸಿದ ಅಂಗಡಿ ಒಂದೆರಡಲ್ಲ. ರೋಡ್ ಬೈಕ್ ಬೇಕು, 47 ಅಥವಾ 48 ಎಂದರೆ, ‘52 ಇದೆ, ಸೀಟು ಇಳಿಸಿ ಕೊಡ್ತೀವಿ’ ಎನ್ನುವ ಉತ್ತರ. ಸೀಟು ಇಳಿಸಿದರೆ ಕಾಲಿಗೆ ದಾರಿ ಸಿಗಬಹುದು, ಸೀಟಿನಿಂದ ಹ್ಯಾಂಡಲ್ಲಿಗಿರುವ ದೂರ ಹೆಚ್ಚೇನೂ ಕಡಿಮೆಯಾಗುವುದಿಲ್ಲ. ಕತ್ತಿಗೆ, ಅಂಗೈಗೆ ನೋವು ತರುವುದು ಆ ದೂರವೇ. ಹೊಸಬರು ಅಂಗಡಿಯಲ್ಲಿ ಹೆಚ್ಚಾಗಿ ಮೋಸಹೋಗುವುದು ಇಲ್ಲೇ, ಮಾರುವವರಿಗೂ ಎಷ್ಟೋ ಸಲ ಇದು ತಿಳಿದಿರುವುದಿಲ್ಲ.

ಸೆಕೆಂಡ್‌ಹ್ಯಾಂಡ್ ಆಸೆಯನ್ನೂ ಅವಳು ಬಿಟ್ಟಿರಲಿಲ್ಲ. ಯಶವಂತಪುರದ ಒಬ್ಬ ಹಿರಿಯ ಮೆಕ್ಯಾನಿಕ್ ಅವಳಿಗೆ ಹಳೇ ಸೈಕಲ್ ನೋಡುವ ಕ್ರಮ ಕಲಿಸಿದರು. ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಜಗ್ಗಿದರೆ ಹ್ಯಾಂಡಲ್ ಬುಡದ ಬೇರಿಂಗ್ ಸಡಿಲವೋ ಎಂದು ಕೈಗೆ ಗೊತ್ತಾಗುತ್ತದೆ. ಹ್ಯಾಂಡಲ್ಲಿನ ಕೊಳವೆಗೆ ಬಾರ್ ಸೇರುವ ಬೆಸುಗೆಯ ಸುತ್ತ ಬಣ್ಣದಲ್ಲಿ ಕೂದಲೆಳೆಯ ಗೆರೆ ಇದೆಯೇ ಎಂದು ಬೆಳಕಿಗೆ ಹಿಡಿದು ನೋಡಬೇಕು. ಇನ್ನು ಚೈನು. ಅದಕ್ಕೆ ಒಂದು ಅಡಿ ಉದ್ದದ ಸ್ಟೀಲ್ ಸ್ಕೇಲು ಸಾಕು. ಹೊಸ ಚೈನಿನ 24 ಕೊಂಡಿ ಸರಿಯಾಗಿ 12 ಇಂಚು. ಒಂದು ಇಂಚಿನ ಹದಿನಾರನೇ ಒಂದು ಭಾಗ ಹೆಚ್ಚಾಗಿದ್ದರೆ ಚೈನು ಬದಲಿಸಬೇಕು, ಎಂಟನೇ ಒಂದು ಭಾಗದಷ್ಟು ಹೆಚ್ಚಿದ್ದರೆ ಹಲ್ಲುಚಕ್ರಗಳೂ ಸವೆದಿರುತ್ತವೆ. ಆಗ ಅಗ್ಗಕ್ಕೆ ಸಿಕ್ಕಿದ್ದು ಅಗ್ಗವಾಗಿ ಉಳಿಯುವುದಿಲ್ಲ. ಅಪ್ಪನ ಅಂಗಡಿಯಲ್ಲಿ ಬಟ್ಟೆ ಗುರುತು ಮಾಡುವ ಅಂಥದೇ ಸ್ಕೇಲು ಇತ್ತು. ಕೇಳಿ ತರಿಸಿಕೊಂಡಳು. ಐದು ಹಳೇ ಸೈಕಲ್ ನೋಡಿದಳು, ಐದೂ ಗಂಡಸರ ಅಳತೆಯವು.

ಡಿಸೆಂಬರಿನ ಕೊನೆಯ ವಾರ ರಾಜಾಜಿನಗರದ ಒಂದು ಅಂಗಡಿಯವರು ಮಹಡಿಯ ಗೋದಾಮಿನಿಂದ ಧೂಳು ಹಿಡಿದ ಪೆಟ್ಟಿಗೆ ಇಳಿಸಿದರು. ಹಿಂದಿನ ವರ್ಷದ ಮಾಡೆಲ್, 48ರ ಸೈಜ಼ು, ಅಷ್ಟು ಸಣ್ಣದನ್ನು ಕೇಳುವವರಿಲ್ಲದೆ ಉಳಿದಿತ್ತು. ಅಲ್ಯೂಮಿನಿಯಂ ಫ್ರೇಮು, ಫೋರ್ಕ್ ಉಕ್ಕಿನದು, ಗಿಯರು ಕ್ಲಾರಿಸ್, ಬಣ್ಣ ಮಾಸಲು ಬೂದಿ. ಹೇಳಿದ ಬೆಲೆ 26 ಸಾವಿರ, ಮಾತಾಡಿ ಬಿಟ್ಟದ್ದು 23,500ಕ್ಕೆ. ಅಂಗಡಿಯ ಹುಡುಗ ಅಲ್ಲೇ ಜೋಡಿಸಿದ. ಅವಳು ಟೇಪು ತೆಗೆದು 64.5ಕ್ಕೆ ಸೀಟು ನಿಲ್ಲಿಸಿ ಹತ್ತಿದಳು. ಸೊಂಟ ವಾಲಲಿಲ್ಲ. ಮೊಣಕೈ ಸಡಿಲವಾಗಿ ಮಡಿಚಿತು. 2013ರಿಂದ ಬಂದ ಕ್ಲಾರಿಸಿನಲ್ಲಿ ಹೆಬ್ಬೆರಳಿನ ಗುಂಡಿ ಇರಲಿಲ್ಲ, ದುಬಾರಿ ಗಿಯರುಗಳಂತೆ ಬ್ರೇಕ್ ಲಿವರಿನ ಹಿಂದೆಯೇ ಇನ್ನೊಂದು ಸಣ್ಣ ಲಿವರು. ಎಲ್ಲಿ ಹಿಡಿದರೂ ಬೆರಳಿಗೆ ಎಟುಕಿತು. ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ 32 ಹಲ್ಲು.

ಈ 32 ಎಂಬುದಕ್ಕೆ ಅವಳು ಕೊಟ್ಟ ಬೆಲೆ ಇನ್ನಾವುದಕ್ಕೂ ಕೊಡಲಿಲ್ಲ. ಒಂದು ಸುತ್ತಿಗೆ 2.86 ಮೀಟರಿನ ಬದಲು 2.23 ಮೀಟರ್. ನಿಮಿಷಕ್ಕೆ ಅದೇ 60 ಸುತ್ತು, ಗಂಟೆಗೆ 8 ಕಿ.ಮೀ. ಕೆಂಪು ಸೈಕಲ್ಲಿಗಿಂತ ಇದು ಒಂದು ಕಿಲೋ ಹೆಚ್ಚು ತೂಗುತ್ತಿತ್ತು. ಆ ಒಂದು ಕಿಲೋದ ಲೆಕ್ಕವನ್ನೂ ಅವಳು ಹಾಕಿದ್ದಳು. ತಾನು, ಸೈಕಲ್, ನೀರು ಎಲ್ಲ ಸೇರಿ 67 ಕಿಲೋ, ಅದರಲ್ಲಿ ಒಂದು ಕಿಲೋ ಎಂದರೆ ನೂರಕ್ಕೆ ಒಂದೂವರೆ ಪಾಲು. ನಲವತ್ತು ನಿಮಿಷದ ಏರಿನಲ್ಲಿ ಅರ್ಧ ನಿಮಿಷದ ಮೇಲೆ ತುಸು ಹೆಚ್ಚು. ಪಂದ್ಯದಲ್ಲಿ ಅದು ದೊಡ್ಡ ಅಂತರ. ಭಾನುವಾರ ಬೆಟ್ಟ ಹತ್ತಿ ಇಡ್ಲಿ ತಿಂದು ಬರುವವರಿಗೆ ಅರ್ಧ ನಿಮಿಷಕ್ಕೆ ಹತ್ತು ಸಾವಿರ ಹೆಚ್ಚು ಕೊಡುವ ಅಗತ್ಯವಿಲ್ಲ ಎಂಬುದು ಅವಳ ತೀರ್ಮಾನ. ಇಂದಿಗೂ ಅದು ಬದಲಾಗಿಲ್ಲ.

ಉಳಿದ 6,500 ರೂಪಾಯಿ ಕರಗಲು ಒಂದು ವಾರ ಹಿಡಿಯಲಿಲ್ಲ. ಹೆಲ್ಮೆಟ್ಟು, ಮುಂದೆ ಹಿಂದೆ ದೀಪ, ನಿಂತು ಹೊಡೆಯುವ ಪಂಪು, ಎರಡು ಟ್ಯೂಬು, ಟಯರು ಬಿಡಿಸುವ ಪ್ಲಾಸ್ಟಿಕ್ ಕಡ್ಡಿ, ಬೀಗ, ಪ್ಯಾಡ್ ಇರುವ ಚಡ್ಡಿ. ಸೈಕಲ್ಲಿಗೇ 30 ಸಾವಿರ ಸುರಿದಿದ್ದರೆ ಮೊದಲ ಪಂಕ್ಚರಿಗೆ ಮನೆಯಲ್ಲಿ ಕೂರಬೇಕಾಗುತ್ತಿತ್ತು. ಎಲ್ಲಕ್ಕಿಂತ ಅಗ್ಗದ್ದು, ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಹಿತ್ತಾಳೆ ಟೋಪಿ. ರೋಡ್ ಬೈಕಿನ ಟ್ಯೂಬಿಗಿರುವುದು ಪ್ರೆಸ್ಟಾ ಎಂಬ ತೆಳ್ಳನೆಯ ವಾಲ್ವು, ಪೆಟ್ರೋಲ್ ಬಂಕಿನ ಗಾಳಿ ಪೈಪು ಅದಕ್ಕೆ ಹಿಡಿಯುವುದಿಲ್ಲ. ಈ ಟೋಪಿ ತಿರುಗಿಸಿ ಕೂರಿಸಿದರೆ ಹಿಡಿಯುತ್ತದೆ.

ಸಂಕ್ರಾಂತಿಗೆ ಸೈಕಲ್ಲನ್ನು ರೈಲಿನ ಲಗೇಜಿಗೆ ಹಾಕಿ ಊರಿಗೆ ಒಯ್ದಳು. ಮೂರನೇ ದಿನ ಸಿಂದಗಿ ರಸ್ತೆಯಲ್ಲಿ ಜಾಲಿಮುಳ್ಳು ಚುಚ್ಚಿ ಟಯರಿನ ಮಗ್ಗುಲು ಸೀಳಿತು. ಸೈಕಲ್ ಅಂಗಡಿಗೆ ಹೋದರೆ 28 ಇಂಚಿನ ಟಯರು ತೂಗುಬಿದ್ದಿದ್ದವು. ಅವಳದೂ ಕಣ್ಣಿಗೆ 28 ಇಂಚೇ. ಆದರೆ ಅಟ್ಲಾಸ್, ಹೀರೋ ತರಹದ ದೊಡ್ಡ ಸೈಕಲ್ಲಿನ ರಿಮ್ಮಿನ ಅಡ್ಡಳತೆ 635 ಮಿಲಿಮೀಟರ್, ರೋಡ್ ಬೈಕಿನದು 622. ಹದಿಮೂರು ಮಿಲಿಮೀಟರಿಗಾಗಿ ಇಡೀ ಊರಿನಲ್ಲಿ ಒಂದು ಟಯರೂ ಆಗಲಿಲ್ಲ. ಅಪ್ಪ ಸೀಳಿದ ಜಾಗ ನೋಡಿ, ಪ್ಯಾಂಟಿನ ಸೊಂಟಪಟ್ಟಿಗೆ ಹಾಕುವ ಗಟ್ಟಿ ಕ್ಯಾನ್ವಾಸಿನ ತುಂಡನ್ನು ಎರಡು ಮಡಿಕೆ ಮಾಡಿ ಒಳಗಿನಿಂದ ಅಂಟಿಸಿದರು. ಬೆಂಗಳೂರಿಗೆ ವಾಪಸಾದ ಮೇಲೂ ಆ ಟಯರು ನಾಲ್ಕು ತಿಂಗಳು ಓಡಿತು. ಅವರು ಆಗಲೇ ಇನ್ನೊಂದು ಕೆಲಸವನ್ನೂ ಮಾಡಿದರು: ಗಿರಾಕಿಗಳ ಅಳತೆ ಬರೆಯುವ ಪುಸ್ತಕದಲ್ಲಿ ಮಗಳ ಸೈಕಲ್ಲಿಗೆಂದು ಒಂದು ಹಾಳೆ ತೆಗೆದು, ಸೀಟಿನ ಎತ್ತರ, ಸೀಟಿನಿಂದ ಹ್ಯಾಂಡಲ್ಲಿಗೆ ದೂರ, ಹ್ಯಾಂಡಲ್ಲಿನ ಅಗಲ ಎಲ್ಲವನ್ನೂ ಬರೆದು ಹರಿದು ಕೊಟ್ಟರು.

2016ರಲ್ಲಿ ಆ ಸೈಕಲ್ಲಿನಲ್ಲೇ ಅವಳು ತನ್ನ ಮೊದಲ 200 ಕಿ.ಮೀ. ಬ್ರೆವೆ ಮುಗಿಸಿದಳು. ಬ್ರೆವೆ ಎಂದರೆ ಪಂದ್ಯವಲ್ಲ, ಹದಿಮೂರೂವರೆ ಗಂಟೆಯೊಳಗೆ 200 ಕಿ.ಮೀ. ತಲುಪಬೇಕು, ತಿಂಡಿ, ಪಂಕ್ಚರು, ಮರದ ನೆರಳು ಎಲ್ಲ ಆ ಲೆಕ್ಕದೊಳಗೇ. ಅವಳಿಗೆ ಹಿಡಿದದ್ದು 12 ಗಂಟೆ 40 ನಿಮಿಷ. ಹಿಂದಿನಿಂದ ಬಂದು ದಾಟಿಹೋದವರಲ್ಲಿ ಹೆಚ್ಚಿನವರ ಸೈಕಲ್ ಅವಳದಕ್ಕಿಂತ ಮೂರು ನಾಲ್ಕು ಪಟ್ಟು ದುಬಾರಿ. ನೂರೈವತ್ತು ದಾಟಿದ ಮೇಲೆ ಅವರಲ್ಲಿ ಕೆಲವರು ರಸ್ತೆ ಬದಿಯಲ್ಲಿ ನಿಂತು ಕೈ ಒದರುತ್ತ, ಕತ್ತು ಉಜ್ಜಿಕೊಳ್ಳುತ್ತ ಇದ್ದುದನ್ನು ಅವಳು ನೋಡಿದಳು. ಅವಳಿಗೆ ಕಾಲು ಸೋತಿತ್ತು. ಕೈ, ಕತ್ತು ಸೋತಿರಲಿಲ್ಲ.

2019ರಲ್ಲಿ ಸಂಬಳ ಏರಿದ ಮೇಲೆ ಇನ್ನೊಂದು ಸೈಕಲ್ ಕೊಂಡು, ಬೂದಿ ಬಣ್ಣದ್ದನ್ನು ಮಾರಲು ಇಟ್ಟಳು. ಬೆಲೆ 12 ಸಾವಿರ. ಇಬ್ಬರು ಎತ್ತರದ ಹುಡುಗರು ಹಾಗೆಯೇ ಕೊಳ್ಳುತ್ತೇವೆಂದು ಬಂದರು, ಕೊಡಲಿಲ್ಲ. ಮೂರನೆಯವಳು ತುಮಕೂರಿನಿಂದ ಬಂದ ಕಾಲೇಜು ಹುಡುಗಿ. ‘ಅಕ್ಕಾ, ಹತ್ತು ಸಾವಿರ ಇದೆ, ಉಳಿದದ್ದು ಮುಂದಿನ ತಿಂಗಳು ಕೊಟ್ಟರೆ ಆಗುತ್ತಾ?’ ಎಂದಳು. ಗೋಡೆಗೆ ನಿಲ್ಲಿಸಿ, ಕೈಗೆ ಪುಸ್ತಕ ಕೊಟ್ಟು ಟೇಪು ಹಿಡಿದರೆ 74 ಬಂತು. ಹತ್ತು ಸಾವಿರಕ್ಕೇ ಆಯಿತು ಎಂದು ಹೇಳಿ, ಹಿತ್ತಾಳೆ ಟೋಪಿಯನ್ನೂ ಅಪ್ಪನ ಹಾಳೆಯನ್ನೂ ಜೊತೆಗಿಟ್ಟು, ಸೀಟಿನ ಬೋಲ್ಟು ಸಡಿಲಿಸಿ ಒಂಬತ್ತು ಮಿಲಿಮೀಟರ್ ಮೇಲಕ್ಕೆ ಏರಿಸಿಕೊಟ್ಟಳು.